ಸುತ್ತಿಟ್ಟ ಮೇಲ್ಕಟ್ಟು

ಕಂತು ಒಂಬತ್ತು

"ಬೆರಳು ತೆಗೀಬೇಡ," ಎಂದು ಶೆರೀಫ್ ಕಚೇರಿಯ ಪತ್ತೇದಾರಿ ಮಾರ್ಲಾ ಕ್ವಾಮ್ ತನಗೆ ತಾನೇ ಹೇಳಿಕೊಂಡಳು.

ಗುಂಡಿ ಇದ್ದದ್ದು ಮನೆಯಂಥ ಆ ಪ್ರವಾಸಿ ಟ್ರೇಲರಿನ ಬಾಗಿಲ ಪಕ್ಕದ ಸಣ್ಣ ಕಪಾಟಿನ ಒಳಗೆ. ಒತ್ತಿ ಹಿಡಿದರೆ ಹೊರಗೆ ಚಪ್ಪರದಂತೆ ಚಾಚಿಕೊಂಡಿದ್ದ ಬಟ್ಟೆಯ ಮೇಲ್ಕಟ್ಟು ಗೊರಗೊರ ಸದ್ದು ಮಾಡುತ್ತ ಸುತ್ತಿಕೊಂಡು ಬರುತ್ತಿತ್ತು. ಬೆರಳು ಸಡಿಲಿಸಿದರೆ ಅಲ್ಲಿಗೇ ನಿಲ್ಲುತ್ತಿತ್ತು. ಅಂದಮೇಲೆ ಅದನ್ನು ಪೂರ್ತಿ ಸುತ್ತಬೇಕಾದವರು ಅಷ್ಟು ಹೊತ್ತೂ ಇದೇ ಜಾಗದಲ್ಲಿ, ಹೀಗೇ ಕೈ ಎತ್ತಿಕೊಂಡು ನಿಂತಿರಬೇಕು.

ಮಾರ್ಲಾ ಕೆಳಗೆ ನೋಡಿದಳು. ಅವಳ ಬೂಟಿನ ತುದಿಯಿಂದ ಒಂದು ಗೇಣು ದೂರದಲ್ಲಿ, ಸಿಂಕಿಗೂ ಊಟದ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ, ಪೊಲೀಸರು ಅಂಟಿಸಿದ ಹಳದಿ ಟೇಪಿನ ಗುರುತು ಇತ್ತು. ಮುದುಕ ವರ್ಲಿನ್ ಓಸ್ಟರ್‌ಹೌಸ್‌ನ ತಲೆ ಇದ್ದ ಜಾಗ ಅದು.

ಶನಿವಾರ ಬಿರುಗಾಳಿ ಎದ್ದ ದಿನ ತಲೆಗೆ ಪೆಟ್ಟು ಬಿದ್ದು ಅವನು ಇಲ್ಲಿ ಸತ್ತಿದ್ದ. ಅವನ ಎರಡನೇ ಹೆಂಡತಿ ನೆಡ್ರಾ ಈಗ ಕೌಂಟಿ ಜೈಲಿನಲ್ಲಿದ್ದಳು. ಇವತ್ತು ಸಂಜೆ ಐದಕ್ಕೆ ಅವಳ ಮೇಲೆ ಕೊಲೆಯ ಆರೋಪ ಹೊರಿಸಿ ಸಹಿ ಹಾಕುವುದಿತ್ತು.

"ಏನೇ ಅದು, ಮಗೂಗೆ ಹೊಸ ಗಿಲಕಿ ಸಿಕ್ಕಿದ ಹಾಗೆ?" ಅವಳ ಮೇಲಧಿಕಾರಿ, ಶೆರೀಫ್ ಗೇಲನ್ ಪ್ರೊಹಾಸ್ಕಾ ಮೆಟ್ಟಿಲ ಮೇಲೆ ನಿಂತು ಒಳಗೆ ಇಣುಕಿದ. ಅವನ ಕೈಯಲ್ಲಿ ಯಾರೋ ಕೊಟ್ಟ ಜೋಳದ ತೆನೆ ಇತ್ತು. ಅವನಿಗೆ ಹೆಣದ ಮನೆಯಲ್ಲೂ ಹಸಿವಾಗುತ್ತದೆ.

"ಹೊರಗಡೆ ನಿಂತು ನೋಡಿ, ಗೇಲನ್. ಈಗ ಮತ್ತೆ ಬಿಡಿಸ್ತೀನಿ. ಬಟ್ಟೆ ಮುಟ್ಟಿ ನೋಡಿ."

ಗೇಲನ್ ಇಳಿದು ಮುಟ್ಟಿದ. "ಒಣಗಿದೆ. ಧೂಳು. ಕಾಟನ್‌ವುಡ್ ಮರದ ಹತ್ತಿ ಅಂಟ್ಕೊಂಡಿದೆ. ಅದಕ್ಕೇನೀಗ?"

"ತೂತು ಇದೆಯಾ?"

"ಇಲ್ಲ."

"ಈ ಸಾಲಿನಲ್ಲಿ ಬೇರೆ ಯಾರದ್ದಾದ್ರೂ ಮೇಲ್ಕಟ್ಟು ಉಳಿದಿದೆಯಾ, ನೋಡಿ."

ಅವನು ನೋಡುವ ಅಗತ್ಯವೇ ಇರಲಿಲ್ಲ. ಹೊಳೆಯಂಚಿನ ಆ ಬೇಸಿಗೆ ಬಿಡಾರದ ಬಯಲಿನಲ್ಲಿ ಟ್ರೇಲರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಪಕ್ಕದಲ್ಲೂ ಬಗ್ಗಿದ ಕಬ್ಬಿಣದ ತೋಳುಗಳು, ಹರಿದ ಬಟ್ಟೆ, ಆಲಿಕಲ್ಲಿನ ತೂತುಗಳು. ಶನಿವಾರ ಮಧ್ಯಾಹ್ನ ಜನರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದಾಗಲೇ ಗಾಳಿ ಎದ್ದಿತ್ತು. ಸೈರನ್ ಕೂಗಿತು. ಎಲ್ಲರೂ ಎದ್ದು ಸಾಮೂಹಿಕ ಸ್ನಾನದ ಮನೆಯ ಕಾಂಕ್ರೀಟು ಗೋಡೆಗಳ ಮರೆಗೆ ಓಡಿದರು. ಮೇಲ್ಕಟ್ಟು ಸುತ್ತಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ.

ವರ್ಲಿನ್ನನದು ಮಾತ್ರ ನೀಟಾಗಿ ಸುತ್ತಿಕೊಂಡಿತ್ತು. ಅದೂ ಮಳೆಯ ಹನಿ ಬೀಳುವುದಕ್ಕೆ ಮುಂಚೆ.

"ನೆಡ್ರಾ ಬೆಳಗ್ಗೆ ಔಷಧಿ ತರೋಕೆ ಪೇಟೆಗೆ ಹೋದವಳು," ಎಂದಳು ಮಾರ್ಲಾ. "ಅಂಗಡಿಯ ಕ್ಯಾಮೆರಾದಲ್ಲಿ ಇದ್ದಾಳೆ. ಮರ ಬಿದ್ದು ರಸ್ತೆ ಮುಚ್ಚಿತ್ತು ಅಂತ ಸಂಜೆಯವರೆಗೂ ಅಲ್ಲೇ ಇದ್ಲು. ಎದುರು ಸಾಲಿನ ಬರ್ನಡೀನ್ ವುಲ್ಫ್ ಊಟಕ್ಕೆ ಹೊರಟಾಗ ಈ ಮೇಲ್ಕಟ್ಟು ಬಿಚ್ಚಿತ್ತಂತೆ, ಅದಕ್ಕೆ ತೂಗುಹಾಕಿದ ಗೂಬೆ ಆಕಾರದ ದೀಪದ ಸರಾನೂ ಉರೀತಿತ್ತಂತೆ. ಅಂದ್ರೆ ಊಟಕ್ಕೂ ಮಳೆಗೂ ನಡುವೆ ಯಾರೋ ಬಂದು ಸುತ್ತಿದ್ದಾರೆ."

"ಪಕ್ಕದವರು ಯಾರಾದ್ರೂ ಸುತ್ತಿರ್ತಾರೆ ಕಣೆ. ಗಾಳಿ ಬಂದ್ರೆ ಇನ್ನೊಬ್ಬರದ್ದೂ ಸುತ್ತೋದು ಇಲ್ಲಿ ಹುಟ್ಟಿನಿಂದ ಬಂದ ಪಾಠ. ನೀನೂ ಮಾಡ್ತೀಯ, ನಾನೂ ಮಾಡ್ತೀನಿ."

"ಹೊರಗಿನಿಂದ ಸುತ್ತೋ ಹಿಡಿ ಮುರಿದು ಎರಡು ವರ್ಷ ಆಯ್ತು. ಗುಂಡಿ ಇರೋದು ಒಳಗೆ."

ಗೇಲನ್ ತೆನೆ ಕಚ್ಚುವುದನ್ನು ನಿಲ್ಲಿಸಿದ.

"ಡಾಕ್ಟರು ಏನಂದ್ರು? ಪೆಟ್ಟು ಬಿದ್ದದ್ದು ಬೆಳಗ್ಗೆ, ಜೀವ ಹೋದದ್ದು ಮಳೆ ನಿಂತ ಮೇಲೆ ಅಂತ ತಾನೆ? ಆ ನಡುವೆ ಒಬ್ಬರು ಈ ಬಾಗಿಲು ತೆಗೆದು ಒಳಗೆ ಬಂದ್ರು. ಇಲ್ಲಿ ಒಬ್ಬ ಮನುಷ್ಯ ಉಸಿರಾಡ್ತಾ ಬಿದ್ದಿದ್ದ. ಅವರು ಗುಂಡಿ ಒತ್ಕೊಂಡು ನಿಂತ್ರು. ಬಟ್ಟೆ ಉಳಿಸಿದ್ರು. ಬಾಗಿಲು ಹಾಕ್ಕೊಂಡು ಹೋದ್ರು."

ಮಾರ್ಲಾ ಇಪ್ಪತ್ತು ವರ್ಷ ಈ ಪೊಲೀಸ್ ಕೆಲಸ ಮಾಡಿದ್ದಳು. ಕೋಪದಲ್ಲಿ ಹೊಡೆದವರನ್ನು ಕಂಡಿದ್ದಳು, ಕುಡಿದು ಗುಂಡು ಹಾರಿಸಿದವರನ್ನು ಕಂಡಿದ್ದಳು. ಸಾಯುತ್ತಿರುವವನ ಪಕ್ಕ ನಿಂತು ಬಟ್ಟೆ ಮಡಚಿಟ್ಟವರನ್ನು ಕಂಡಿರಲಿಲ್ಲ.

"ಒಳ್ಳೇ ಕಥೆ," ಎಂದ ಗೇಲನ್. ಆದರೆ ದನಿ ಮೊದಲಿನಂತಿರಲಿಲ್ಲ. "ಬೆಳಗ್ಗೆ ಪೇಟೆಗೆ ಹೋಗೋ ಮುಂಚೆ ನೆಡ್ರಾ ಹೊಡೆದಿರಬಹುದಲ್ಲ? ಅವಳ ಕಬ್ಬಿಣದ ಬಾಣಲಿ ಪ್ರಯೋಗಾಲಯದಲ್ಲಿದೆ. ಜೊತೆಗೆ ಆ ದಿಂಬು. ತಲೆ ಕೆಳಗೆ ಮೆತ್ತಗೆ ದಿಂಬು ಇಟ್ಟಿತ್ತು. ಹೊಡೆದವಳಿಗೇ ಆಮೇಲೆ ಕರುಳು ಚುರುಕ್ ಅಂದಿದೆ. ಹೆಂಡತಿ ಅಲ್ಲದೆ ಇನ್ಯಾರು ದಿಂಬು ಇಡ್ತಾರೆ, ಹೇಳು."

ಆ ದಿಂಬೇ ನೆಡ್ರಾಳ ಕೊರಳಿಗೆ ಉರುಳಾಗಿತ್ತು. ಜ್ಯೂರಿಯಲ್ಲಿ ಕೂರುವ ಹನ್ನೆರಡು ಜನಕ್ಕೂ ಅದು ಅರ್ಥವಾಗುವಂಥ ಮಾತು.

"ಐದು ಗಂಟೆ ತನಕ ಸಮಯ ಕೊಡಿ."

"ಐದರ ತನಕ ಕೊಟ್ಟಿದೆ. ಟ್ರೇಲರ್ ಮಾತ್ರ ಮನೆಯವರಿಗೆ ಬಿಟ್ಟುಕೊಟ್ಟಾಗಿದೆ. ಮಗ ಹೊರಗೆ ಕಾಯ್ತಿದಾನೆ."

ಮಾರ್ಲಾ ಇನ್ನೊಮ್ಮೆ ಸುತ್ತ ನೋಡಿದಳು. ಹಿಂಬದಿಯ ಬಚ್ಚಲಿನ ಕೊಕ್ಕೆಗೆ ಗೂಬೆ ದೀಪದ ಸರ ನೇತುಹಾಕಿತ್ತು. ಮೇಲ್ಕಟ್ಟು ಸುತ್ತುವ ಮೊದಲು ಅದನ್ನು ಬಿಚ್ಚಲೇಬೇಕು, ಇಲ್ಲದಿದ್ದರೆ ಬಲ್ಬುಗಳು ಪುಡಿಯಾಗುತ್ತವೆ. ಬಿಚ್ಚಿದವರು ಅದನ್ನು ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತಿ, ಸುರುಳಿಯ ನಡುವಿಗೆ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿ, ಬ್ರೆಡ್ಡಿನ ಚೀಲದ ಬಾಯಿಗೆ ಹಾಕುವ ಪ್ಲಾಸ್ಟಿಕ್ಕು ಬಿಲ್ಲೆ ಸಿಕ್ಕಿಸಿದ್ದರು. ಬರ್ನಡೀನ್ ಮುದುಕಿಯನ್ನು ಕೇಳಿದಾಗ ಅವಳು ನಕ್ಕಿದ್ದಳು: "ನೆಡ್ರಾನಾ? ಅವಳು ಎಲ್ಲಾನೂ ಡಬ್ಬಕ್ಕೆ ತುರುಕ್ತಾಳಮ್ಮ, ಕೋಳಿಗೂಡು ಥರ. ವರ್ಲಿನ್ ಅಂತೂ ಆ ದೀಪ ಮುಟ್ಟಿದವನೇ ಅಲ್ಲ."

ಆ ಬಿಲ್ಲೆಯ ಕೈಚಳಕ ಯಾರದೆಂದು ಮಾರ್ಲಾಗೆ ಗೊತ್ತಿತ್ತು. ಚರ್ಚಿನ ಹಂದಿಮಾಂಸದ ಊಟದ ದಿನ ಅಷ್ಟೂ ಕಾಫಿ ಪಾತ್ರೆಗಳ ವೈರುಗಳು ಹಾಗೇ ಸುತ್ತಿಕೊಂಡು ಕೂರುತ್ತಿದ್ದವು. ಚಿಕ್ಕಂದಿನಲ್ಲಿ ಮಾರ್ಲಾಗೂ ಅದನ್ನು ಕಲಿಸಲು ನೋಡಿ ಸೋತಿದ್ದವಳು ಅವಳು. ವರ್ಲಿನ್ನನ ಮಗಳು, ಜೋಲೀನ್.

ಗೆಳತಿಯ ಹೆಸರನ್ನು ಮಾರ್ಲಾ ಗೇಲನ್‌ಗೆ ಇನ್ನೂ ಹೇಳಿರಲಿಲ್ಲ.

*

ಹೊರಗೆ ಡ್ವೈಟ್ ಓಸ್ಟರ್‌ಹೌಸ್ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತಿದ್ದ. ವರ್ಲಿನ್ನನ ಒಬ್ಬನೇ ಮಗ. ಐವತ್ತು ದಾಟಿದ, ಭಾರೀ ಮೈಯ, ನಿಧಾನದ ರೈತ. ಅಪ್ಪನ ಹೊಲವನ್ನೇ ಮೂವತ್ತು ವರ್ಷದಿಂದ ಉಳುತ್ತ ಬಂದವನು. ಶುಕ್ರವಾರ ರಾತ್ರಿ ಬೆಂಕಿಯ ಸುತ್ತ ಕೂತಿದ್ದಾಗ ಅಪ್ಪ ಎಲ್ಲರ ಮುಂದೆ ಹೇಳಿದ್ದ: ಇದೇ ಕೊನೆಯ ಬೇಸಿಗೆ, ನಾನೂ ನೆಡ್ರಾನೂ ಅರಿಜೋನಾಕ್ಕೆ ಹೋಗ್ತೀವಿ, ಹೊಲ ಬೇರೆಯವರಿಗೆ ಗುತ್ತಿಗೆ. ಆಗ ಡ್ವೈಟ್ ಏನೂ ಅನ್ನಲಿಲ್ಲವಂತೆ. ಎದ್ದು ಬೆಂಕಿಗೆ ಇನ್ನೊಂದು ಕೊರಡು ಹಾಕಿದನಂತೆ, ಅಷ್ಟೆ.

"ಮುಗೀತಾ ಮಾರ್ಲಾ?"

"ನಂದು ಮುಗೀತು. ಎಲ್ಲಿಗೆ ಒಯ್ತೀಯ?"

"ಮನೆಗೆ. ಕೊಟ್ಟಿಗೆ ಒಳಗೆ ನಿಲ್ಲಿಸಿ ಬೀಗ ಹಾಕ್ತೀನಿ. ನೋಡೋಕಾಗಲ್ಲ ಕಣೆ ಇದನ್ನ." ಅವನ ಕಣ್ಣುಗಳು ಊದಿಕೊಂಡಿದ್ದವು. ಬಗ್ಗಿ ಕೊಂಡಿ ಸಿಕ್ಕಿಸುತ್ತ, ತಲೆ ಎತ್ತದೆ ಕೇಳಿದ: "ಅಲ್ಲಿ ನೆಡ್ರಾಗೆ ಊಟ ಗೀಟ ಸರಿಯಾಗಿ ಕೊಡ್ತಿದಾರಾ?"

"ಯಾಕೆ ಕೇಳ್ದೆ?"

"ಅವಳಿಗೆ ಹಾಲು ಆಗಲ್ಲ. ಯಾರಿಗಾದ್ರೂ ಹೇಳು."

ಕೊಲೆಗಾರನೊಬ್ಬ ಹೀಗೆ ಕೇಳುತ್ತಾನೆಯೇ? ಅಥವಾ ಕೊಲೆಗಾರನಾದ್ದರಿಂದಲೇ ಕೇಳುತ್ತಾನೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹಿಡಿಯುವುದು ಸುಲಭ. ಈ ಸೀಮೆಯ ಗಂಡಸರು ಹೆಗಲನ್ನೇ ಮುಟ್ಟಿಕೊಳ್ಳುವವರಲ್ಲ. ಮನೆ ಹೊತ್ತಿ ಉರಿದರೂ "ಸ್ವಲ್ಪ ಸೆಕೆ" ಎನ್ನುವ ಪೈಕಿ.

"ಹೇಳ್ತೀನಿ," ಎಂದು ಮಾರ್ಲಾ ಸ್ನಾನದ ಮನೆಯ ಕಡೆ ನಡೆದಳು.

*

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸ್ನಾನದ ಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ಬಿಡಾರ ಕಿತ್ತು ಹೊರಡುವ ಯಾವ ಹೆಂಗಸೂ ಕೊಳೆ ಟವೆಲು ಮನೆಗೆ ಹೊತ್ತೊಯ್ಯುವುದಿಲ್ಲ, ಅದರಲ್ಲೂ ಜೋಲೀನ್.

ಅವಳು ಅಲ್ಲೇ ಇದ್ದಳು. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಹಂಡೆ ಎತ್ತಿ ಗಟ್ಟಿಯಾದ ತೋಳುಗಳು, ಅಪ್ಪನದೇ ಚೌಕ ಮುಖ. ಯಂತ್ರದಿಂದ ಬಿಸಿ ಟವೆಲು ತೆಗೆದು ಮಡಚುತ್ತಿದ್ದಳು. ಮಾರ್ಲಾ ಧ್ವನಿಮುದ್ರಕವನ್ನು ಬೇಕೆಂದೇ ಕಾರಿನಲ್ಲಿ ಬಿಟ್ಟು ಬಂದಿದ್ದಳು. ಅದನ್ನು ಕಂಡರೆ ಜೋಲೀನ್ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ, ಗೆಳತಿ ಕಂಡರೆ ಬಿಚ್ಚಬಹುದು.

"ಕಾಫಿ ತಂದಿದೀನಿ."

"ಅಲ್ಲಿಡು. ಆ ತುದಿ ಹಿಡ್ಕೋ, ಚಾದರ ಮಡಚೋಣ."

ಇಬ್ಬರೂ ಎರಡು ತುದಿ ಹಿಡಿದು ನಿಂತರು. ಮಡಿಕೆ ಹಾಕುತ್ತ ಹತ್ತಿರ ಬಂದಾಗ ಮಾರ್ಲಾ ಹೇಳಿದಳು: "ಗೂಬೆ ದೀಪ ಚೆನ್ನಾಗಿ ಸುತ್ತಿಟ್ಟಿದೀಯ."

ಜೋಲೀನಳ ಕೈ ಚಾದರದ ಮೇಲೆ ನಿಂತಿತು.

"ಯಾವ ದೀಪ?"

"ನಡುವಿಗೆ ಎಂಟು ಹಾಕಿ, ಬಿಲ್ಲೆ ಸಿಕ್ಕಿಸಿ. ಈ ಜಿಲ್ಲೆಯಲ್ಲಿ ಹಾಗೆ ಸುತ್ತೋ ಕೈ ಒಂದೇ."

"ಶುಕ್ರವಾರ ಸುತ್ತಿರಬೇಕು."

"ಶನಿವಾರ ಊಟದ ಹೊತ್ತಿಗೆ ಉರೀತಿತ್ತು. ಬರ್ನಡೀನ್ ನೋಡಿದಾಳೆ."

"ಅವಳಿಗೆ ಕಿವೀನೇ ಕೇಳಲ್ಲ."

"ಕಣ್ಣು ಕಾಣತ್ತೆ."

ಜೋಲೀನ್ ಚಾದರವನ್ನು ಮಾರ್ಲಾಳ ಕೈಯಿಂದ ಕಿತ್ತುಕೊಂಡು ತಾನೇ ಮಡಚಿದಳು, ಬುಟ್ಟಿಗೆ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಮಡಚಿದಳು. ಒಗೆಯುವ ಯಂತ್ರ ಗಡಗಡ ಸುತ್ತುತ್ತಿತ್ತು.

"ಇದು ವಿಚಾರಣೆಯಾ?"

"ಕಾಫಿ," ಎಂದಳು ಮಾರ್ಲಾ. "ಆದರೆ ಐದು ಗಂಟೆಗೆ ನೆಡ್ರಾ ಮೇಲೆ ಸಹಿ ಬೀಳತ್ತೆ. ಅವಳು ಜೀವನಪೂರ್ತಿ ಹೊರಗೆ ಬರಲ್ಲ. ಈ ರಾಜ್ಯದಲ್ಲಿ ಅದಕ್ಕೆ ಮಾಫಿ ಇಲ್ಲ, ನಿಂಗೂ ಗೊತ್ತು."

"ನೆಡ್ರಾ ನಂಗೇನೂ ಆಗಬೇಕಿಲ್ಲ."

"ಗೊತ್ತು. ದಿಂಬು ಇಟ್ಟದ್ದೂ ಅವಳೇ ಅಂತಿದಾರೆ."

ಅಷ್ಟೇ ಸಾಕಾಯಿತು. ಜೋಲೀನ್ ಯಂತ್ರಕ್ಕೆ ಒರಗಿ ಹಾಗೇ ಜಾರಿ ಸಿಮೆಂಟು ನೆಲದ ಮೇಲೆ ಕೂತುಬಿಟ್ಟಳು.

"ದಿಂಬು ನಾನಿಟ್ಟೆ. ಯಾವಾಗ್ಲೂ ನಾನೇ ಇಡ್ತಿದ್ದೆ."

ಮಾರ್ಲಾ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಊಟಕ್ಕೆ ಬರಲಿಲ್ಲ ಅಂತ ಕರೆಯೋಕೆ ಹೋದೆ," ಎಂದಳು ಜೋಲೀನ್. "ಬಾಗಿಲು ತೆಗೆದ್ರೆ ಬಿದ್ದಿದ್ದ. ಪಕ್ಕದಲ್ಲಿ ಬಾಟ್ಲು. ಬ್ಲ್ಯಾಕ್‌ಬೆರಿ ಬ್ರಾಂಡಿ. ಕೋಣೆಯೆಲ್ಲ ಅದೇ ಸಿಹಿ ವಾಸನೆ. ನಾನು ಮತ್ತೆ ಒಂಬತ್ತು ವರ್ಷದ ಹುಡುಗಿ ಆದ ಹಾಗಾಯ್ತು."

"ಅವನು ಕುಡಿಯೋದು ಬಿಟ್ಟು ಎಷ್ಟು ಕಾಲ ಆಗಿತ್ತು!"

"ಹದಿನೆಂಟು ವರ್ಷ. ಚರ್ಚಲ್ಲಿ ಎದ್ದು ನಿಂತು ಹೇಳಿದ್ದ, ನೀನೂ ಇದ್ದೆ. ಆಮೇಲೆ ಒಂದು ಹನೀನೂ ಇಲ್ಲ. ನಾನು ಅಲ್ಲಿ ನಿಂತು ಎಷ್ಟು ಬೈದೆ ಗೊತ್ತಾ? ಮುದಿ ನಾಯಿ, ಇದಕ್ಕೇನಾ ನಿನ್ನ ನಂಬಿದ್ದು ಅಂದೆ. ಅವನು ಕಣ್ಣು ಅರ್ಧ ತೆಗೆದಿದ್ದ. ಏನೋ ಅಂದ. ಮಾತು ಎಳೀತಿತ್ತು. ಕುಡಿದವರ ಮಾತು ಹಾಗೇ ತಾನೆ ಇರೋದು?"

ಮಾರ್ಲಾ ಬುಟ್ಟಿಯಿಂದ ಒಂದು ಟವೆಲು ತೆಗೆದು ಅವಳ ಕೈಗೆ ಕೊಟ್ಟಳು.

"ನಮ್ಮನೇಲಿ ಒಂದು ಕ್ರಮ ಇತ್ತು," ಜೋಲೀನ್ ಮೂಗು ಒರೆಸಿಕೊಂಡಳು. "ಅಮ್ಮ ಹೇಳಿಕೊಟ್ಟದ್ದು. ಕ್ಯಾಂಪಿಗೆ ಬಂದಾಗ ಅಪ್ಪ ಕುಡಿದು ಬಿದ್ರೆ ಮೊದಲು ಮೇಲ್ಕಟ್ಟು ಸುತ್ತಬೇಕು. ಮೇಲ್ಕಟ್ಟು ಬಿಚ್ಚಿದ್ರೆ ಬಂದವರೆಲ್ಲ ಅದರ ಕೆಳಗೆ ಕುರ್ಚಿ ಎಳ್ಕೊಂಡು ಕೂರ್ತಾರೆ, ಬಾಗಿಲು ತಟ್ತಾರೆ. ಸುತ್ತಿದ್ರೆ ಮನೇಲಿ ಯಾರೂ ಇಲ್ಲ ಅಂದ್ಕೋತಾರೆ. ಆಮೇಲೆ ಬಾಟ್ಲು ಸಿಂಕಿಗೆ ಸುರೀಬೇಕು. ಆಮೇಲೆ ದಿಂಬು. ಆಮೇಲೆ ಬಾಗಿಲು ಹಾಕ್ಕೊಂಡು ಆಚೆ ಹೋಗಿ ನಗ್ತಾ ಆಡ್ಬೇಕು. ಡಾಕ್ಟರಿಗೆ ಹೇಳ್ಬಾರದು, ಯಾರಿಗೂ ಹೇಳ್ಬಾರದು. ನಿಂಗೂ ಹೇಳಿರಲಿಲ್ಲ ಅಲ್ವಾ?"

ಹೇಳಿರಲಿಲ್ಲ. ಅದೆಷ್ಟು ಬೇಸಿಗೆ ಮಾರ್ಲಾ ಆ ಟ್ರೇಲರಿನ ಮುಂದಿನ ಹುಲ್ಲಿನಲ್ಲಿ ಇದೇ ಜೋಲೀನಳ ಜೊತೆ ಇಸ್ಪೀಟು ಆಡಿದ್ದಳು. ಮೇಲ್ಕಟ್ಟು ಸುತ್ತಿದ್ದ ದಿನಗಳೂ ಅವುಗಳಲ್ಲಿ ಇದ್ದಿರಬೇಕು. ಅವಳಿಗೆ ಗೆಳತಿಯ ಮೇಲೆ ಸಿಟ್ಟು ಬಂತು, ಆ ಸತ್ತ ತಾಯಿಯ ಮೇಲೆ ಇನ್ನೂ ಹೆಚ್ಚು ಬಂತು, ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಅಳು. ಅದನ್ನು ನುಂಗಿಕೊಂಡಳು.

"ಜೋಲೀನ್, ನನ್ನ ಮುಖ ನೋಡು. ನಿನ್ನೆ ಡಾಕ್ಟರಿಂದ ರಕ್ತದ ಪರೀಕ್ಷೆ ಬಂತು. ನಿಮ್ಮಪ್ಪ ಕುಡಿದಿರಲಿಲ್ಲ."

"ಬಾಟ್ಲು ಅರ್ಧ ಖಾಲಿಯಾಗಿತ್ತು."

"ಒಂದು ತೊಟ್ಟೂ ಇರಲಿಲ್ಲ ಅವನ ಮೈಯಲ್ಲಿ. ಕಿವಿ ಹಿಂದೆ ಪೆಟ್ಟು, ಒಳಗೇ ರಕ್ತಸ್ರಾವ. ಮಾತು ಎಳೀತಿದ್ದದ್ದು ಅದಕ್ಕೆ."

ಯಂತ್ರ ನಿಂತಿತು. ಕೋಣೆ ಇದ್ದಕ್ಕಿದ್ದಂತೆ ತೀರಾ ಸಣ್ಣದಾಯಿತು.

"ಆಗ ಕರ್ಕೊಂಡು ಹೋಗಿದ್ರೆ?"

ಸುಳ್ಳು ಹೇಳಬಹುದಿತ್ತು. ಗೆಳತಿಯಾದರೆ ಹೇಳಲೇಬೇಕಿತ್ತು.

"ರಸ್ತೆ ಇನ್ನೂ ಮುಚ್ಚಿರಲಿಲ್ಲ," ಎಂದಳು ಮಾರ್ಲಾ. "ಬದುಕ್ತಿದ್ದ ಅಂತಾರೆ."

ಜೋಲೀನ್ ಟವೆಲನ್ನು ಬಾಯಿಗೆ ತುರುಕಿಕೊಂಡಳು. ಅದರೊಳಗಿಂದ ಬಂದ ಸದ್ದನ್ನು ಮಾರ್ಲಾ ಮತ್ತೆಂದೂ ಕೇಳಲು ಬಯಸಲಿಲ್ಲ. ಅವಳು ಕೈ ಚಾಚಿ ಗೆಳತಿಯ ಮಂಡಿಯ ಮೇಲೆ ಇಟ್ಟು ಕಾದಳು. ಕರುಣೆಗೂ ಸಮಯ ಬೇಕು, ಆದರೆ ಗೋಡೆಯ ಗಡಿಯಾರ ನಾಲ್ಕನ್ನು ದಾಟಿತ್ತು.

"ಅವನು ಕುಡಿದಿಲ್ಲ ಅಂದಮೇಲೆ ಬಾಟ್ಲು ಅಲ್ಲಿಗೆ ಹೇಗೆ ಬಂತು?"

ಟವೆಲು ನಿಧಾನವಾಗಿ ಕೆಳಗಿಳಿಯಿತು.

"ಯಾರೋ ಹೊಡೆದ್ರು," ಎಂದಳು ಮಾರ್ಲಾ. "ಹೊಡೆದವರಿಗೆ ಒಂದು ವಿಷಯ ಗೊತ್ತಿತ್ತು. ಈ ಮನುಷ್ಯನ ಪಕ್ಕ ಒಂದು ಬ್ರಾಂಡಿ ಬಾಟ್ಲು ಇಟ್ರೆ ಇವನ ಮನೆಯವರು ಯಾರೂ ಡಾಕ್ಟರನ್ನ ಕರೆಯಲ್ಲ. ಸುತ್ತಿ, ಒರೆಸಿ, ಬಾಗಿಲು ಹಾಕ್ಕೊಂಡು ಹೋಗ್ತಾರೆ. ಸಾಯಲಿ ಅಂತ ಬಿಟ್ಟು ಹೋಗೋದಕ್ಕೆ ಬೇರೆಯವರ ಕೈ ಬೇಕಾಗಿತ್ತು, ನಿನ್ನ ಕೈ ಸಿಕ್ತು. ಇದು ನೆಡ್ರಾಗೆ ಗೊತ್ತಿತ್ತಾ?"

"ಇಲ್ಲ." ಉತ್ತರ ತಟ್ಟನೆ ಬಂತು. "ಅಪ್ಪ ಅವಳಿಗೆ ಹೇಳೇ ಇರ್ಲಿಲ್ಲ. ಆ ಕಾಲ ಮುಗೀತು, ಅವಳ ಮುಂದೆ ಎತ್ತಬೇಡಿ ಅಂತ ನಮ್ಮಿಬ್ಬರ ಕೈಲೂ ಮಾತು ತಗೊಂಡಿದ್ದ. ಅವಳು ಅವನನ್ನ ಹನಿ ಮುಟ್ಟದ ಹುಟ್ಟಾ ಸನ್ಯಾಸಿ ಅಂದ್ಕೊಂಡಿದಾಳೆ."

"ನಿಮ್ಮಿಬ್ಬರ ಕೈಲಿ."

ಜೋಲೀನಳ ಮುಖದ ಬಣ್ಣ ಇಳಿಯಿತು. ತಾನು ಏನು ಹೇಳಿದೆನೆಂದು ಅವಳಿಗೆ ಆಗ ತಿಳಿದಿರಬೇಕು.

"ಬಿದ್ದಿದ್ದಾನೆ ಅಂತ ಯಾರಿಗಾದ್ರೂ ಹೇಳ್ದೆಯಾ?"

"ಸೈರನ್ ಕೂಗಿ ಎಲ್ಲರೂ ಇಲ್ಲಿ ಸೇರಿದಾಗ..." ಅವಳು ನಿಲ್ಲಿಸಿದಳು.

"ಯಾರಿಗೆ?"

"ಡ್ವೈಟ್‌ಗೆ. ಅಪ್ಪ ಮತ್ತೆ ಶುರು ಮಾಡಿದ ಕಣೋ ಅಂದೆ. ಅವನು ನನ್ನ ಭುಜ ತಟ್ಟಿ, ನಾನು ನೋಡ್ಕೋತೀನಿ ಬಿಡು ಅಂದ. ಮಳೆ ನಿಂತ ತಕ್ಷಣ ಹೋದ. ಬಂದು, ಗೊರಕೆ ಹೊಡೀತಿದಾನೆ, ಮಲಗಲಿ, ಅವನ ಹೊಸ ಹೆಂಡತಿ ಬಂದು ನೋಡ್ಲಿ ಎಂಥವನನ್ನ ಕಟ್ಕೊಂಡಿದಾಳೆ ಅಂತ, ಅಂದ."

ಗೊರಕೆ. ತಲೆಯೊಳಗೆ ರಕ್ತ ತುಂಬಿದವರು ಕೊನೆಗೆ ಹಾಗೇ ಉಸಿರಾಡುತ್ತಾರೆಂದು ಡಾಕ್ಟರು ಹೇಳಿದ್ದು ಮಾರ್ಲಾಗೆ ನೆನಪಾಯಿತು. ಹಾಗಾದರೆ ಡ್ವೈಟ್ ನಿಜ ಹೇಳಿರಬಹುದು. ತಂಗಿಯಷ್ಟೇ ಮೋಸಹೋಗಿರಬಹುದು. ಅಥವಾ ತನ್ನ ಕೆಲಸ ಮುಗಿಯಿತೇ ಇಲ್ಲವೇ ಎಂದು ನೋಡಿಕೊಂಡು ಬಂದಿರಬಹುದು. ಎರಡಕ್ಕೂ ಅದೇ ಮಾತು, ಅದೇ ಮುಖ.

"ಬಾಟ್ಲು ಎಲ್ಲಿ ಈಗ?"

"ಕಸದ ತೊಟ್ಟಿಗೆ ಹಾಕಿದೆ. ಸೋಮವಾರ ಲಾರಿ ಬಂದು ಹೋಯ್ತು."

"ಬ್ರಾಂಡಿ ಸಿಂಕಿಗೆ ಸುರಿದೆಯಲ್ಲ. ಆಮೇಲೆ ಆ ಸಿಂಕಲ್ಲಿ ಯಾರಾದ್ರೂ ನೀರು ಬಿಟ್ರಾ?"

"ಯಾರು ಬಿಡ್ತಾರೆ? ಪೊಲೀಸರು ಬೀಗ ಹಾಕಿದ್ರಲ್ಲ."

ಮಾರ್ಲಾ ಎದ್ದು ನಿಂತಳು. ಈ ಬಯಲಿನಲ್ಲಿ ನೀರು ಉಂಟು, ಕರೆಂಟು ಉಂಟು, ಚರಂಡಿ ಇಲ್ಲ. ಸಿಂಕಿಗೆ ಸುರಿದದ್ದೆಲ್ಲ ಟ್ರೇಲರಿನ ಹೊಟ್ಟೆಯ ಕೆಳಗಿರುವ ತೊಟ್ಟಿಯಲ್ಲೇ ಕೂತಿರುತ್ತದೆ. ಅರ್ಧ ಬಾಟಲಿ ಬ್ಲ್ಯಾಕ್‌ಬೆರಿ ಬ್ರಾಂಡಿ, ಶನಿವಾರದಿಂದ, ಅಲ್ಲೇ. ಸತ್ತವನ ರಕ್ತದಲ್ಲಿ ಇಲ್ಲದ ಮದ್ಯ ಅವನ ಸಿಂಕಿನ ಕೆಳಗೆ ಇತ್ತೆಂದರೆ ಹಳೇ ಗುಟ್ಟು ಬಲ್ಲ ಯಾರೋ ಬಾಟಲಿ ತಂದಿಟ್ಟರೆಂದಾಗುತ್ತದೆ, ಗೇಲನ್ ಕೂಡ ಪೆನ್ನು ಕೆಳಗಿಡಲೇಬೇಕು. ನೆಡ್ರಾ ಇವತ್ತು ಸಂಜೆ ಮನೆಗೆ ಹೋಗಬಹುದು.

ಅವಳು ಕಿಟಕಿಗೆ ಹೋದಳು. ವರ್ಲಿನ್ನನ ಟ್ರೇಲರು ನಿಂತಿದ್ದ ಜಾಗದಲ್ಲಿ ಹುಲ್ಲು ಹಳದಿಗಟ್ಟಿದ ಒಂದು ಉದ್ದ ಚೌಕ ಮಾತ್ರ ಉಳಿದಿತ್ತು.

ಅದೇ ಹೊತ್ತಿಗೆ ಹಿಂದೆ ಬಾಗಿಲು ತೆರೆಯಿತು. ಡ್ವೈಟ್. ಮೊಣಕೈವರೆಗೆ ರಬ್ಬರು ಕೈಗವಸು, ಒದ್ದೆ ಬೂಟು.

"ಇಲ್ಲಿದೀರಾ ಇಬ್ಬರೂ," ಎಂದ. "ಜೋಲೀನ್, ಗೇಟಿನ ಹತ್ರ ನಿಲ್ಲಿಸಿದೀನಿ. ತೊಟ್ಟಿಗಳೆಲ್ಲ ಅಲ್ಲಿರೋ ಕೊಳಚೆ ಹೊಂಡಕ್ಕೆ ಖಾಲಿ ಮಾಡಿ ಎರಡು ಸಲ ನೀರು ಬಿಟ್ಟು ತೊಳೆದೆ. ಗಬ್ಬುನಾತ ಇಟ್ಕೊಂಡು ಮನೆಗೆ ಎಳ್ಕೊಂಡು ಹೋಗೋಕಾಗಲ್ಲ."

ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ತುಂಬಿದ ತೊಟ್ಟಿ ಹೊತ್ತುಕೊಂಡು ಇಲ್ಲಿ ಯಾರೂ ರಸ್ತೆಗೆ ಇಳಿಯುವುದಿಲ್ಲ. ಮಾರ್ಲಾಳ ಅಪ್ಪನೂ ಅದನ್ನೇ ಮಾಡುತ್ತಿದ್ದ. ಅವಳಿಗೆ ಅವನ ಕೈಗವಸಿನಿಂದ ತೊಟ್ಟಿಕ್ಕುವ ನೀರನ್ನು ನೋಡಲಾಗಲಿಲ್ಲ.

ಬಾಟಲಿ ಹೋಯಿತು, ತೊಟ್ಟಿ ಹೋಯಿತು. ಉಳಿದದ್ದು ನೆಲದ ಮೇಲೆ ಕೂತ ಈ ಹೆಂಗಸಿನ ಬಾಯಿ ಒಂದೇ.

"ಯಾಕೆ ಹಾಗೆ ಕೂತಿದೀಯೆ?" ಡ್ವೈಟ್ ತಂಗಿಯನ್ನು ನೋಡಿ ಕೇಳಿದ. ದನಿ ಮೆತ್ತಗಿತ್ತು. "ಮಾರ್ಲಾ ಏನಾದ್ರೂ ಅಂದ್ಲಾ?"

"ಜೋಲೀನ್," ಎಂದಳು ಮಾರ್ಲಾ. "ಶನಿವಾರ ನೀನು ಏನು ನೋಡ್ದೆ, ಯಾರಿಗೆ ಹೇಳ್ದೆ, ಈಗ ನಂಗೆ ಹೇಳಿದ್ಯಲ್ಲ. ಅದನ್ನ ಇನ್ನೊಂದು ಸಲ ಹೇಳು. ಇವನ ಮುಂದೆ. ಆಮೇಲೆ ನಾವಿಬ್ಬರೂ ಗೇಲನ್ ಹತ್ರ ಹೋಗೋಣ."

ಡ್ವೈಟ್ ಕೈಗವಸು ಬಿಚ್ಚಿದ. ಒಂದನ್ನು, ಆಮೇಲೆ ಇನ್ನೊಂದನ್ನು. ಬಗ್ಗಿ ತಂಗಿಗೆ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು. ಅಣ್ಣನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಮೇಲ್ಕಟ್ಟು ಸುತ್ತಿದ ಆ ಟ್ರೇಲರಿನ ಒಳಗೆ ಇವಳ ಜೊತೆ ಇದ್ದವನು ಅವನೊಬ್ಬನೇ.

ಅವಳು ಕೈ ಹಿಡಿದು ಎದ್ದಳು. ಟವೆಲಿನಿಂದ ಮುಖವನ್ನು ಚೆನ್ನಾಗಿ ಒರೆಸಿಕೊಂಡಳು. ಮತ್ತೆ ಮಾರ್ಲಾಳ ಕಡೆ ತಿರುಗಿದಾಗ ಆ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಚರ್ಚಿನಲ್ಲಿ, ಶಾಲೆಯಲ್ಲಿ, ಊರ ಮುಂದೆ ಅವಳು ನಲವತ್ತು ವರ್ಷದಿಂದ ನಗುತ್ತ ಬಂದ ಅದೇ ನಗು.

"ನಾನೇನು ಹೇಳ್ದೆ ನಿಂಗೆ?" ಎಂದಳು ಜೋಲೀನ್. "ಶನಿವಾರ ನಾನು ಆ ಕಡೆ ಹೋಗೇ ಇಲ್ಲ. ಅಪ್ಪನ ಹತ್ರ ಕೊನೇಲಿದ್ದದ್ದು ನೆಡ್ರಾ. ಹಾಗೇ ಬರ್ಕೋ."